ಎಡಕ್ಕೆ ನೋಡುವ ಸೈನಿಕರು

ಬೀಸ್ಟನ್, ನಾಟಿಂಗ್‌ಹ್ಯಾಮ್
4 ನವೆಂಬರ್ 1989

ಬೋನಪಾರ್ಟೆಯ ಬಾಲಂಗೋಚಿ ಎಮ್ರಿಸ್‌ಗೆ,

ಸೀಸದ ಸೈನಿಕರು ನಿನ್ನೆ ಅಂಚೆಯಲ್ಲಿ ಬಂದರು. ಇಡೀ ಒಂದು ಪದಾತಿ ತುಕಡಿ, ಒಬ್ಬನ ಬಂದೂಕೂ ಸೊಟ್ಟಗಾಗಿಲ್ಲ. ಅರವತ್ತೊಂಬತ್ತನೇ ರೆಜಿಮೆಂಟು, ನಾನು ಹುಟ್ಟಿ ಬೆಳೆದ ಲಿಂಕನ್‌ಶೈರಿನ ಹುಡುಗರು. ಇಷ್ಟು ವರ್ಷ ಕಂಡಕಂಡ ರೆಜಿಮೆಂಟಿಗೆಲ್ಲ ಬಣ್ಣ ಹಚ್ಚಿ, ನಮ್ಮೂರವರನ್ನು ಮಾತ್ರ ಕೊನೆಗೆ ಅಂತ ಉಳಿಸಿಕೊಂಡಿದ್ದೆ. ಇನ್ನು ತಡ ಮಾಡುವುದಿಲ್ಲ. ಬರುವ ಜೂನ್ ಹದಿನಾರಕ್ಕೆ, ಬೋನಪಾರ್ಟೆಯ ಫ್ರೆಂಚರ ಜೊತೆ ನಡೆದ ಕ್ವಾತ್ರ್ ಬ್ರಾ ಕಾಳಗಕ್ಕೆ ನೂರ ಎಪ್ಪತ್ತೈದು ವರ್ಷ. ಅವತ್ತು ನಮ್ಮ ಯುದ್ಧದಾಟದ ಕ್ಲಬ್ಬಿನ ಮೇಜಿನ ಮೇಲೆ ಇವರು ನಿಂತಿರಲೇಬೇಕು.

ಅಲ್ಲಿ ಏನಾಯಿತೆಂದು ಪ್ರತಿ ಕ್ರಿಸ್‌ಮಸ್ ಕಾರ್ಡಿನಲ್ಲೂ ನೆನಪಿಸಿ ನೀನು ನನ್ನ ಹೊಟ್ಟೆ ಉರಿಸುತ್ತೀಯ. ಆಳೆತ್ತರದ ಪೈರಿನ ನಡುವೆ ನಿಂತಿದ್ದವರಿಗೆ ನಿನ್ನ ಫ್ರೆಂಚ್ ಕವಚದ ಸವಾರರು ಬಂದದ್ದು ಕಾಣಲಿಲ್ಲ. ನಾಲ್ಕೂ ದಿಕ್ಕಿಗೆ ಮುಖ ಮಾಡಿ ಚೌಕ ಕಟ್ಟಿದ್ದರೆ ಕುದುರೆ ಹತ್ತಿರ ಸುಳಿಯುತ್ತಿರಲಿಲ್ಲ, ಕಟ್ಟಲಿಲ್ಲ. ತುಳಿಸಿಕೊಂಡರು, ಬಾವುಟವನ್ನೂ ಕಳೆದುಕೊಂಡರು. ಈ ಸಲ ಕಟ್ಟುತ್ತಾರೆ, ನೋಡುತ್ತಿರು. ಆ ಕಳಂಕ ತೊಳೆದೇ ನಾನು ಸುಮ್ಮನಾಗುವುದು.

ಡಡ್ಲಿ ಸಿಕ್ಕಿದ್ದ. ಹೋದ ಜೂನ್‌ನಲ್ಲಿ ಅವನ ಸೈನಿಕರನ್ನು ನಾನು ಮೇಜಿನಿಂದ ಇಳಿಸಿದ್ದಕ್ಕೆ ಇನ್ನೂ ಮುಖ ಊದಿಸಿಕೊಂಡಿದ್ದಾನೆ. "ಬರೀ ಕಣ್ಣಷ್ಟೇ ನನ್ನ ಹೆಂಡತಿ ಬರೆದದ್ದು ಮಾರಾಯಾ, ಉಳಿದದ್ದೆಲ್ಲ ನಾನೇ" ಅಂತಾನೆ. "ಕಣ್ಣು ಬರೀದೆ ಇದ್ರೆ ನೀನು ಬಣ್ಣ ಹಚ್ಚಿದ್ದು ಸೈನಿಕನಿಗಲ್ಲ, ಗೂಟಕ್ಕೆ" ಅಂದೆ. ನಿಯಮ ಅಂದರೆ ನಿಯಮ: ಬೂಟಿನಿಂದ ಕಣ್ಣಿನವರೆಗೆ ಆಡುವವನೇ ತನ್ನ ಕೈಯಾರೆ ಬಳಿದಿರಬೇಕು. ಬರೆದವನು ನಾನು, ಕೈ ಎತ್ತಿ ಒಪ್ಪಿದವರು ನೀವೆಲ್ಲ.

ಅಕ್ಷರ ದಪ್ಪಗಿದೆ ಅಂತ ಗೊಣಗಬೇಡ. ಪೆನ್ನಿನ ನಿಬ್ಬು ಹೋಗಿದೆ.

ನಾರಿಸ್

*

ಬಾರ್ಮತ್, ವೇಲ್ಸ್
13 ನವೆಂಬರ್ 1989

ನಾರಿಸ್,

ನಿಬ್ಬು ಹೋಗಿದೆಯೋ, ತಲೆ ಹೋಗಿದೆಯೋ? ಒಂದೊಂದು ಅಕ್ಷರ ಒಂದೊಂದು ಆಲೂಗಡ್ಡೆಯಷ್ಟಿದೆ. ಡಿಲಿಸ್ ದೂರದಲ್ಲಿ ನಿಂತೇ ಓದಿಬಿಟ್ಟು, "ಇವ್ರು ಯಾಕ್ರೀ ಹೀಗೆ ಬೊಬ್ಬೆ ಹೊಡೀತಿದ್ದಾರೆ? ನೀವೇನಾದ್ರೂ ಅಂದ್ರಾ?" ಅಂದಳು. ನಾನೇನೂ ಅಂದಿಲ್ಲವಲ್ಲ, ಮಾರಾಯ?

ನಿನ್ನ ಹುಡುಗರು ಚೌಕ ಕಟ್ಟುತ್ತಾರೋ ಚಪ್ಪಾಳೆ ತಟ್ಟುತ್ತಾರೋ, ನನ್ನ ಸವಾರರು ಬರುವುದಂತೂ ಖಂಡಿತ. ಈಗ ಕುದುರೆಗಳಿಗೆ ಬಣ್ಣ ನಡೆದಿದೆ. ಇಲ್ಲಿ ಸಮುದ್ರದ ಗಾಳಿ ಕಿಟಕಿ ಕಿತ್ತು ಹಾಕುವ ಹಾಗಿದೆ, ಒಂದು ಕೋಟು ಬಣ್ಣ ಒಣಗಬೇಕಾದರೆ ಇಡೀ ಭಾನುವಾರ ಬೇಕು.

ಡಡ್ಲಿಯನ್ನು ಇನ್ನಾದರೂ ಬಿಟ್ಟುಬಿಡು. ಅವನ ಹೆಂಡತಿ ಬರೆದ ಕಣ್ಣು ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಇದ್ದವು. ನಿನ್ನದಕ್ಕಿಂತ ಅಲ್ಲ, ಉರಿದುಬೀಳಬೇಡ. ಅಕ್ಕಿಕಾಳಿನಷ್ಟು ಮುಖದಲ್ಲಿ ಬಿಳಿ ಗುಡ್ಡೆ ಬರೆದು, ಅದರೊಳಗೆ ಕರಿ ಚುಕ್ಕೆ ಇಡುವ ಕೈ ಇಂಗ್ಲೆಂಡಿನಲ್ಲಿ ನಿನ್ನದೊಂದೇ. ನಾನು ಇದನ್ನು ಹೇಳಿದ್ದು ಯಾರಿಗೂ ಹೇಳಬೇಡ.

ಎಮ್ರಿಸ್

*

ಬೀಸ್ಟನ್
9 ಜನವರಿ 1990

ಎಮ್ರಿಸ್,

ತಡವಾಯಿತು. ಮನೆಯಲ್ಲಿ ನೆಟ್ಟಗೆ ಬೆಳಕಿಲ್ಲ. ಮೇಜನ್ನು ಹಿಂದಿನ ಕೋಣೆಯಿಂದ ಮುಂದಿನ ಕೋಣೆಗೆ ಎಳೆದೆ, ಅಲ್ಲಿಂದ ಅಡುಗೆಮನೆಗೆ ಎಳೆದೆ, ಈಗ ಮಹಡಿಗೆ. ದೀಪ ಬದಲಿಸಿದೆ, ಬಲ್ಬು ಬದಲಿಸಿದೆ. ಕೂತರೆ ಏಳಬೇಕೆನಿಸುತ್ತದೆ, ಎದ್ದರೆ ಕೂರಬೇಕೆನಿಸುತ್ತದೆ. ಮ್ಯೂರಿಯಲ್‌ಗೆ ರೋಸಿಹೋಗಿದೆ. "ಅಣ್ಣ, ಈ ಮೇಜಿಗೆ ಚಕ್ರನಾದ್ರೂ ಹಾಕ್ಸು, ಇಲ್ಲಾ ನಿನಗೇ ಹಾಕಿಸ್ಕೋ" ಅಂತ ಟೀ ಕಪ್ಪನ್ನು ಕುಕ್ಕಿ ಹೋದಳು.

ಈಗಿನ ಬಣ್ಣದ ಡಬ್ಬಿಗಳೂ ಅಷ್ಟೆ, ಯಾವುದು ಹಸಿರು ಯಾವುದು ಬೂದು ಅಂತ ಹೊರಗಿನಿಂದ ತಿಳಿಯುವ ಹಾಗೆ ಇರುವುದಿಲ್ಲ. ಮೊದಲು ಹಾಗಿರಲಿಲ್ಲ. ಮುಚ್ಚಳದ ಮೇಲೆ ನಾನೇ ದೊಡ್ಡದಾಗಿ ಬರೆದು ಅಂಟಿಸಿದ್ದೇನೆ.

ಕೋಟು, ಬೆಲ್ಟು, ಬೂಟು ಆಗಿವೆ. ಮುಖಗಳು ಬಾಕಿ. ಅವಸರವೇನಿಲ್ಲ.

ನಾರಿಸ್

*

ಬಾರ್ಮತ್
20 ಫೆಬ್ರವರಿ 1990

ನಾರಿಸ್,

ಅವಸರವೇನಿಲ್ಲ ಅಂತ ನೀನು ಬರೆದದ್ದನ್ನು ಕತ್ತರಿಸಿ ಕನ್ನಡಿಗೆ ಅಂಟಿಸಬೇಕು. ಚಹಾಕ್ಕೆ ನೀರು ಕುದಿಯುವವರೆಗೆ ಕಾಯಲಾರದ ಆಸಾಮಿ ನೀನು!

ಏನೋ ನಡೆಸಿದ್ದೀಯ. ನನಗೆ ವಾಸನೆ ಬರುತ್ತಿದೆ. ಎರಡು ಸಲ ಫೋನ್ ಮಾಡಿದೆ, ಎರಡು ಸಲವೂ ಮ್ಯೂರಿಯಲ್ ಎತ್ತಿದಳು. "ಅವನು ಮೇಲಿದ್ದಾನೆ, ಮುಖ ಬರೀತಿದ್ದಾನೆ" ಅಂದವಳು ಆಮೇಲೆ ಸುಮ್ಮನಾದಳು. ಸುಮ್ಮನಿರುವ ಹೆಂಗಸೇ ಅವಳು? ಬೆಳಗ್ಗೆಯಿಂದ ಬೈಗಿನವರೆಗೆ ಮಾತಾಡುವವಳು. ನಿನ್ನ ಕಾಳಗದ ಯೋಜನೆ ನನಗೆ ತಿಳಿಯಬಾರದೆಂದು ತಂಗಿಯ ಬಾಯಿಗೂ ಬೀಗ ಹಾಕಿಸಿದ್ದೀಯ, ಅಲ್ಲವೇ?

ಇರಲಿ. ನಮ್ಮ ಪದ್ಧತಿಯಂತೆ ಒತ್ತೆಯಾಳನ್ನು ಕಳಿಸಿದ್ದೇನೆ. ಕವಚದ ಸವಾರ, ಕಂದು ಕುದುರೆ. ಆಟದ ದಿನ ಅವನನ್ನು ವಾಪಸ್ ತಂದು ಸಾಲಿಗೆ ಸೇರಿಸುವವರೆಗೆ ಅವನ ಜೀವ ನಿನ್ನ ಕೈಯಲ್ಲಿ. ನಿನ್ನವನನ್ನೂ ಬೇಗ ಕಳಿಸು. ಅವನ ಮುಖ ನೋಡಿ ನಿನ್ನ ಮನಸ್ಸು ಓದಬೇಕು.

ಎಮ್ರಿಸ್

*

ಬೀಸ್ಟನ್
31 ಮಾರ್ಚ್ 1990

ಎಮ್ರಿಸ್,

ನಿನ್ನ ಕುದುರೆ ಒಳ್ಳೆಯ ಕುದುರೆ. ಕಿವಿ, ಜೂಲು, ಲಗಾಮಿನ ಬಕಲ್ಲು ಎಲ್ಲ ಬೆರಳಿಗೆ ಚೆನ್ನಾಗಿ ಸಿಗುತ್ತವೆ.

ನನ್ನ ಒತ್ತೆಯಾಳನ್ನು ತಂಬಾಕಿನ ಡಬ್ಬಿಯಲ್ಲಿ ಹತ್ತಿ ಸುತ್ತಿ ಇಟ್ಟು ಕಳಿಸಿದ್ದೇನೆ. ನೋಡು, ಆದರೆ ಭೂತಗನ್ನಡಿ ಹಿಡಿದು ನೋಡಬೇಡ. ಮೇಜಿನ ಮೇಲೆ ನಿಂತವರನ್ನು ಒಂದು ಮಾರು ದೂರದಿಂದ ನೋಡುವುದೇ ಮರ್ಯಾದೆ.

ಎಲ್ಲ ಮುಗಿದಿವೆ. ಮುಗಿಸಿದ್ದೇನೆ. ಮೈಯಲ್ಲಿ ಶಕ್ತಿಯೇ ಉಳಿದಿಲ್ಲ.

ನಾರಿಸ್

*

ಬಾರ್ಮತ್
8 ಏಪ್ರಿಲ್ 1990

ಎಲವೋ ಪಾಪಿ!

ಭೂತಗನ್ನಡಿ ಬೇಡ ಅಂದೆಯಲ್ಲ, ಅದಕ್ಕೇ ಹಿಡಿದೆ. ಹಿಡಿದ ತಕ್ಷಣ ಗೊತ್ತಾಯಿತು. ಇವನು ನೆಟ್ಟಗೆ ನೋಡುತ್ತಿಲ್ಲ! ಎರಡೂ ಕಣ್ಣಿನ ಕರಿ ಚುಕ್ಕೆ ಎಡಮೂಲೆಗೆ. ಬಂದೂಕು ಮುಂದಕ್ಕೆ, ಮೂಗು ಮುಂದಕ್ಕೆ, ದೃಷ್ಟಿ ಮಾತ್ರ ಓರೆಯಾಗಿ ಎಡಕ್ಕೆ. ಪೈರಿನೊಳಗಿಂದ ಏನೋ ಬರುತ್ತಿದೆ ಅಂತ ಇವನಿಗೆ ಅನುಮಾನ ಬಂದಿದೆ. ನನಗೆ ರೋಮಾಂಚನವಾಯಿತು, ನಿಜ ಹೇಳುತ್ತೇನೆ. ಡಿಲಿಸ್‌ಗೆ ತೋರಿಸಿದೆ. "ಅಯ್ಯೋ, ನನ್ನನ್ನೇ ನೋಡ್ತಿದ್ದಾನಲ್ರೀ, ಅತ್ತ ತಿರುಗ್ಸಿ" ಅಂದಳು.

ಇಡೀ ತುಕಡಿಯನ್ನು ಹೀಗೇ ಬರೆದಿದ್ದೀಯ ತಾನೇ? ಆಗ ಕುದುರೆ ಕಾಣದೆ ಸತ್ತವರು, ಈ ಸಲ ಕಣ್ಣಿಟ್ಟು ಕಾಯುತ್ತಿದ್ದಾರೆ. ಇಂಥದ್ದು ನಿನಗಲ್ಲದೆ ಇನ್ಯಾರಿಗೆ ಹೊಳೆಯುತ್ತದೆ! ಚಳಿಗಾಲವಿಡೀ ಕದ ಮುಚ್ಚಿಕೊಂಡು ನಡೆಸಿದ್ದು ಇದನ್ನೇ ಅಂತ ಈಗ ತಿಳಿಯಿತು.

ಆದರೆ ಗುಟ್ಟು ನೀನೇ ಬಿಟ್ಟುಕೊಟ್ಟೆಯಲ್ಲ, ಮಂಕೇ. ನಿನ್ನ ಕಾವಲು ಎಡಕ್ಕಿದೆ. ಹಾಗಾದರೆ ನಾನು ಎಲ್ಲಿಂದ ಬರಲಿ? ಯೋಚಿಸುತ್ತಿರು, ನಿದ್ದೆ ಕೆಡಿಸಿಕೋ.

ಎಮ್ರಿಸ್

*

ಬೀಸ್ಟನ್
15 ಏಪ್ರಿಲ್ 1990, ಈಸ್ಟರ್

ಎಮ್ರಿಸ್,

ಕಂಡುಹಿಡಿದೆಯಾ? ಹಿಡಿಯಬಹುದು ಅಂದುಕೊಂಡಿದ್ದೆ. ಹೌದು, ಬೇಕೆಂದೇ.

ಒಂದು ವಿಷಯ ತಿಳಿಸು. ಇದು ಸುಮ್ಮನೆ ಕೇಳುವುದು, ನನ್ನ ಕೆಲಸ ಬೇರೆಯವರಿಗೆ ಹೇಗೆ ಕಾಣುತ್ತದೆ ಅನ್ನುವ ಕುತೂಹಲಕ್ಕೆ. ಚುಕ್ಕೆ ಪೂರ್ತಿ ಎಡಕ್ಕಿದೆಯೇ, ಸ್ವಲ್ಪ ಎಡಕ್ಕಿದೆಯೇ? ಬಿಳಿಯ ಒಳಗೇ ಇದೆಯೇ? ಕೆನ್ನೆಯ ಮೇಲೆ ಇಲ್ಲ ತಾನೇ? ಎರಡೂ ಕಣ್ಣು ಒಂದೇ ಕಡೆ ನೋಡುತ್ತವೆಯೇ? ಮ್ಯೂರಿಯಲ್‌ಗೆ ಇಂಥದ್ದೆಲ್ಲ ತಿಳಿಯುವುದಿಲ್ಲ, ಕೇಳಿದರೆ "ಚೆನ್ನಾಗಿದೆ ಅಣ್ಣ" ಅಂದು ಏಪ್ರನ್ನಿನಲ್ಲಿ ಕಣ್ಣೊರೆಸಿಕೊಳ್ಳುತ್ತಾಳೆ.

ತಕ್ಷಣ ಬರೆ. ಫೋನ್ ಬೇಡ.

ನಾರಿಸ್

*

ಬಾರ್ಮತ್
18 ಏಪ್ರಿಲ್ 1990

ನಾರಿಸ್,

ಹೊಗಳಿಕೆ ಎಷ್ಟು ಸುರಿದರೂ ಸಾಲದಲ್ಲ ನಿನಗೆ! ಪೂರ್ತಿ ಎಡಕ್ಕೆ. ಬಿಳಿಯ ಒಳಗೇ. ಎರಡೂ ಒಂದೇ ಕಡೆ. ಸಮಾಧಾನವಾಯಿತೇ? ಇನ್ನೊಂದು ಸಲ ಕೇಳಿದರೆ ನಿನ್ನ ಸೈನಿಕನಿಗೆ ಮೀಸೆ ಬರೆದುಬಿಡುತ್ತೇನೆ.

ಜೂನ್‌ನಲ್ಲಿ ಸಿಗೋಣ. ಹಂದಿಮಾಂಸದ ಪೈ ತರುವುದು ನಿನ್ನ ಪಾಳಿ.

ಎಮ್ರಿಸ್

*

ಬಾರ್ಮತ್
19 ಜೂನ್ 1990

ನಾರಿಸ್,

ಮನೆ ಮುಟ್ಟಿ ಎರಡು ದಿನವಾಯಿತು. ಮನಸ್ಸು ಇನ್ನೂ ಕ್ಲಬ್ಬಿನ ಆಟ ನಡೆದ ಆ ಚರ್ಚಿನ ಹಾಲ್‌ನಲ್ಲೇ ಗಿರಕಿ ಹೊಡೆಯುತ್ತಿದೆ. ರೈಲಿನಲ್ಲಿ ಕೂತಾಗಲೂ ಅದೇ, ಸಮುದ್ರದ ದಂಡೆಯಲ್ಲಿ ನಡೆದಾಗಲೂ ಅದೇ. ಬರೆಯದೆ ಇರಲಾರೆ.

ನಿನ್ನವರು ಎಡಕ್ಕೆ ನೋಡುತ್ತಿದ್ದಾರೆಂದು ನಾನು ಸವಾರರನ್ನು ಬಲಗಡೆಯ ಕಾಡಿನ ಹಿಂದಿನಿಂದ ತಂದೆ. ಉಪಾಯ ಅಂದುಕೊಂಡಿದ್ದೆ. ಆದರೆ ಎಷ್ಟು ದೂರ ಓಡಬೇಕೆಂದು ಹಾಕಿದ ದಾಳ ಕೈಕೊಟ್ಟಿತು. ಅವರು ಓಡಿ ಬಂದು ಪೈರಿನ ಅಂಚಿನಲ್ಲಿ, ನಿನ್ನ ಎದುರಿಗೇ, ಬಟಾಬಯಲಿನಲ್ಲಿ ನಿಂತುಬಿಟ್ಟರು. ಕೆಟ್ಟೆ, ಇನ್ನು ನಾರಿಸ್ ಚೌಕ ಕಟ್ಟುತ್ತಾನೆ, ನನ್ನ ಕಥೆ ಮುಗಿಯಿತು ಅಂದುಕೊಂಡೆ. ಸರದಿ ನಿನ್ನದು. ನೀನು ಮೇಜಿನ ಮೇಲೆ ಬಾಗಿ ತುಂಬ ಹೊತ್ತು ನೋಡಿದೆ. ಆಮೇಲೆ ನಗುತ್ತಾ ಕೇಳಿದೆ: "ಏನಪ್ಪಾ, ಎಲ್ಲಿ ಬಚ್ಚಿಟ್ಟಿದ್ದೀಯ ನಿನ್ನ ಕುದುರೆಗಳನ್ನ?"

ಅವು ನಿನ್ನ ಮೂಗಿನ ಕೆಳಗಿದ್ದವು, ನಾರಿಸ್.

ಚೇಷ್ಟೆ ಅಂದುಕೊಂಡೆ. ನನ್ನ ಸರದಿ ಬಂತು, ಕೈ ತಾನೇ ಮುಂದೆ ಹೋಯಿತು, ಸವಾರರನ್ನು ತಳ್ಳಿದೆ. ಬಾವುಟ ಮತ್ತೆ ಹೋಯಿತು. ಸುತ್ತ ನಿಂತವರೆಲ್ಲ ಚಪ್ಪಾಳೆ ತಟ್ಟಿದರು. "ಭಲೇ ನಾರಿಸ್, ಇತಿಹಾಸದಲ್ಲಿ ಆದದ್ದನ್ನೇ ಆಡಿ ತೋರಿಸಿದ! ಬೇಕಂತಲೇ ಸೋತ!" ಅಂದ ಡಡ್ಲಿ, ಕಣ್ಣಲ್ಲಿ ನೀರು ತುಂಬಿಕೊಂಡು. ನೀನು ತಲೆ ಬಾಗಿಸಿ ವಂದಿಸಿದೆ. ಆಗ ನಿನ್ನ ಮುಖ ನೋಡಿದವನು ನಾನೊಬ್ಬನೇ.

ಬೇಕೆಂದು ಸೋತೆಯಾ?

ಎಮ್ರಿಸ್

*

ಬೀಸ್ಟನ್
25 ಜೂನ್ 1990

ಎಮ್ರಿಸ್,

ಇದೇನು ಪ್ರಶ್ನೆ? ನೂರ ಎಪ್ಪತ್ತೈದನೇ ವರ್ಷ. ಇತಿಹಾಸಕ್ಕೆ ಗೌರವ ಕೊಡಬೇಕು ಅನಿಸಿತು, ಕೊಟ್ಟೆ. ಎಲ್ಲರಿಗೂ ಅರ್ಥವಾಯಿತು, ನಿನಗೊಬ್ಬನಿಗೆ ಆಗಲಿಲ್ಲ. ಗೆದ್ದವನು ಗೆದ್ದೆ ಅಂತ ಸುಮ್ಮನಿರಬೇಕು.

ಪೈ ಚೆನ್ನಾಗಿತ್ತು ಅಂತ ಒಂದು ಮಾತು ಬರೆಯಲಿಲ್ಲ ನೀನು.

ನಾರಿಸ್

*

ಬಾರ್ಮತ್
2 ಜುಲೈ 1990

ನಾರಿಸ್,

ಪೈ ಚೆನ್ನಾಗಿತ್ತು. ನಿನ್ನ ಮಾತು ಸುಳ್ಳು.

ಈ ಸಲ ಕಟ್ಟುತ್ತಾರೆ, ನೋಡುತ್ತಿರು ಅಂತ ನವೆಂಬರ್‌ನಲ್ಲಿ ಬರೆದವನು ಯಾರು? ನಿನ್ನ ಕಾಗದಗಳನ್ನೆಲ್ಲ ಮತ್ತೆ ತೆಗೆದು ಓದಿದೆ. ನಿಬ್ಬು ಹೋದದ್ದು, ಬೆಳಕಿಲ್ಲದ ಮನೆ, ಹಸಿರೋ ಬೂದೋ ತಿಳಿಯದ ಡಬ್ಬಿ, ನನ್ನ ಕುದುರೆಯನ್ನು ಬೆರಳಿನಿಂದ ಹೊಗಳಿದ್ದು. ನಾನು ಎಂಥ ಮುಠ್ಠಾಳ! ನಿನ್ನ ಯೋಜನೆ, ನಿನ್ನ ಜಾಣತನ ಅಂತ ಕುಣಿದಾಡಿದೆ. ಎಡಕ್ಕೆ ನೋಡಿದ್ದು ಸೈನಿಕರಲ್ಲ, ನೀನು. ಕುಂಚದ ತುದಿ ಕಾಣಬೇಕಾದರೆ ನೀನು ಪಕ್ಕಕ್ಕೆ ನೋಡಬೇಕು, ಅದಕ್ಕೇ ಚುಕ್ಕೆಗಳೂ ಪಕ್ಕಕ್ಕೆ ಸರಿದವು. ಹೌದೋ ಅಲ್ಲವೋ?

ಡಾಕ್ಟರು ಏನಂದರು? ಎಷ್ಟು ಕಾಣುತ್ತದೆ? ಒಂದು ಮಾತು ಹೇಳಲು ಬಾಯಿ ಬರಲಿಲ್ಲವೇ ನಿನಗೆ? ನನಗೆ ಸಿಟ್ಟು ಬಂದಿದೆ, ದುಃಖವೂ ಬಂದಿದೆ, ಯಾವುದು ಎಷ್ಟು ಅಂತ ಗೊತ್ತಾಗುತ್ತಿಲ್ಲ.

ಕೇಳು. ಅಂಗೈಯುದ್ದದ ದೊಡ್ಡ ಸೈನಿಕರೂ ಸಿಗುತ್ತಾರೆ, ಅವರಿಗೆ ಹಚ್ಚಬಹುದು. ಅದು ಬೇಡವಾದರೆ ಉಳಿದದ್ದೆಲ್ಲ ನೀನು ಮಾಡು, ಕಣ್ಣು ನಾನು ಬರೆದುಕೊಡುತ್ತೇನೆ. ಕ್ಲಬ್ಬಿನಲ್ಲಿ ಯಾರಿಗೂ ಗೊತ್ತಾಗಬೇಕಿಲ್ಲ.

ಎಮ್ರಿಸ್

*

ಬೀಸ್ಟನ್
5 ಜುಲೈ 1990

ಎಮ್ರಿಸ್ ಪ್ರಾಥರೋ,

ನಾನು ಡಡ್ಲಿ ಅಲ್ಲ.

ಕೇಳಿದೆಯಲ್ಲ, ತಗೋ. ನಾನು ಎಲ್ಲಿ ನೋಡುತ್ತೇನೋ ಅಲ್ಲೇ ಏನೂ ಇರುವುದಿಲ್ಲ. ಸುತ್ತ ಎಲ್ಲ ಇರುತ್ತದೆ. ಮ್ಯೂರಿಯಲ್‌ಳ ಟೋಪಿ ಕಾಣುತ್ತದೆ, ಮುಖ ಕಾಣುವುದಿಲ್ಲ. ಮೇಜಿನ ನಾಲ್ಕು ಮೂಲೆ ಕಾಣುತ್ತವೆ, ನಿನ್ನ ಹಾಳು ಕುದುರೆಗಳು ಕಾಣುವುದಿಲ್ಲ. ಇದು ಗುಣವಾಗುವುದಲ್ಲ, ಹೆಚ್ಚಾಗುವುದು, ಅಂದರು ಆಸ್ಪತ್ರೆಯಲ್ಲಿ. ಹೋದ ವರ್ಷ ಸೆಪ್ಟೆಂಬರ್‌ನಲ್ಲೇ ಅಂದರು. ಅದಕ್ಕೇ ಲಿಂಕನ್‌ಶೈರ್ ಹುಡುಗರನ್ನು ತರಿಸಿದೆ. ಅವರನ್ನಾದರೂ ಮುಗಿಸಿ, ಒಂದು ಸಲ, ಒಂದೇ ಒಂದು ಸಲ ಚೌಕ ಕಟ್ಟಿಸಿ ನಿಲ್ಲಿಸೋಣ ಅಂತ.

ನನ್ನ ಕಣ್ಣೆದುರೇ ಅವರನ್ನು ನಾನೇ ಮತ್ತೆ ಸಾಯಿಸಿದೆ. ಚಪ್ಪಾಳೆ ಬೇರೆ ತೆಗೆದುಕೊಂಡೆ.

ಕಣ್ಣು ಬರೆದುಕೊಡುತ್ತಾನಂತೆ! ಯಾರಿಗೂ ಗೊತ್ತಾಗಬೇಕಿಲ್ಲವಂತೆ! ಆ ನಿಯಮ ಬರೆದವನಿಗೇ? ಆ ಅಂಗೈಯುದ್ದದ ಆಟಿಕೆ ಸೈನಿಕರನ್ನು ನಿನ್ನ ಮೊಮ್ಮಕ್ಕಳಿಗೆ ಕೊಡು. ನನ್ನ ಕುಂಚಗಳನ್ನು ಮ್ಯೂರಿಯಲ್ ಬಾಚಣಿಗೆ ತೊಳೆಯಲು ಇಟ್ಟುಕೊಳ್ಳಲಿ.

ಇನ್ನು ಬರೆಯಬೇಡ.

ನಾರಿಸ್ ಪೆಟಿಫರ್

*

ಬಾರ್ಮತ್
16 ಸೆಪ್ಟೆಂಬರ್ 1990

ನಾರಿಸ್,

ಬರೆಯಬೇಡ ಅಂದೆ, ಬೇಸಿಗೆಯಿಡೀ ಬರೆಯಲಿಲ್ಲ. ಅಂಚೆಯವನು ಬಂದಾಗಲೆಲ್ಲ ಬಾಗಿಲಿಗೆ ಹೋಗಿ ನಿಂತದ್ದು ಬೇರೆ ವಿಷಯ. ಇದು ಆಟದ ಲೆಕ್ಕದ ಕಾಗದ, ಆದ್ದರಿಂದ ಓದಬಹುದು.

ಅವತ್ತಿನ ಗಲಾಟೆಯಲ್ಲಿ ನಿನ್ನ ಒತ್ತೆಯಾಳನ್ನು ಸಾಲಿಗೆ ಸೇರಿಸಲು ಮರೆತೆ. ಅಂಗಿಯ ಜೇಬಿನಲ್ಲೇ ಉಳಿದು ನನ್ನ ಜೊತೆ ಬಾರ್ಮತ್‌ಗೆ ಬಂದುಬಿಟ್ಟಿದ್ದಾನೆ. ಅಂದರೆ ನಿನ್ನ ತುಕಡಿಯಲ್ಲಿ ಒಬ್ಬ ಇನ್ನೂ ಸತ್ತಿಲ್ಲ. ಕಿಟಕಿಯಲ್ಲಿ ನಿಲ್ಲಿಸಿದ್ದೇನೆ. ಡಿಲಿಸ್ ಈಗ ಅವನನ್ನು ಅತ್ತ ತಿರುಗಿಸಲು ಬಿಡುವುದಿಲ್ಲ. "ಪಾಪ, ನೋಡ್ಲಿ ಬಿಡಿ" ಅನ್ನುತ್ತಾಳೆ.

ನಾನು ಕಣ್ಣು ಬರೆದುಕೊಡುತ್ತೇನೆ ಅಂದದ್ದು ತಪ್ಪು. ಕದ್ದುಮುಚ್ಚಿ ಅಂದದ್ದು ಅದಕ್ಕಿಂತ ದೊಡ್ಡ ತಪ್ಪು. ನಿನ್ನ ಬಗ್ಗೆ ಗೊತ್ತಿದ್ದೂ ಅಂದೆ.

ಆದರೆ ನನಗೆ ಬೇರೆ ಎದುರಾಳಿ ಬೇಡ. ಡಡ್ಲಿ ಕೇಳಿದ, ಆಗಲ್ಲ ಅಂದೆ. ಮೇಜಿನ ಮೇಲೆ ನಾನು ಏನೇ ಸರಿಸಿದರೂ ಇನ್ನು ಮುಂದೆ ಬಾಯಿಬಿಟ್ಟು ಹೇಳಬಲ್ಲೆ: ಸವಾರರು ಕಾಡು ದಾಟಿದರು, ಸವಾರರು ಪೈರಿನ ಅಂಚಿಗೆ ಬಂದರು. ವೇಲ್ಸ್‌ನವನಿಗೆ ಬಾಯಿ ಬಿಡುವುದು ಕಷ್ಟವೇ?

ಕೈದಿಯನ್ನು ಏನು ಮಾಡಲಿ, ವಾಪಸ್ ಕಳಿಸಲೇ?

ಎಮ್ರಿಸ್

*

ಬೀಸ್ಟನ್
3 ನವೆಂಬರ್ 1990

ಎಮ್ರಿಸ್,

ಇದನ್ನು ಬರೆಯುತ್ತಿರುವುದು ಮ್ಯೂರಿಯಲ್, ಹೇಳುತ್ತಿರುವುದು ನಾನು. ನಡುವೆ ಅವಳು ಮೂಗು ಒರೆಸಿಕೊಂಡರೆ ಅದಕ್ಕೆ ನಾನು ಹೊಣೆಯಲ್ಲ.

ಕೈದಿಯನ್ನು ಕಳಿಸಬೇಡ. ಅವನ ಜೊತೆಗಾರರನ್ನೆಲ್ಲ ಈ ಕಾಗದದ ಜೊತೆಗಿರುವ ಪೆಟ್ಟಿಗೆಯಲ್ಲಿ ಕಳಿಸಿದ್ದೇನೆ, ಇಡೀ ತುಕಡಿ. ಎಲ್ಲರ ಮುಖಕ್ಕೂ ಮತ್ತೆ ಮೈಬಣ್ಣ ಬಳಿದು ಕಣ್ಣು ಅಳಿಸಿದ್ದೇನೆ. ಬೆರಳಿಗೆ ಮೂಗು ಸಿಕ್ಕರೆ ಸಾಕು, ಅಷ್ಟು ಬಳಿಯುವುದು ಕಣ್ಣಿಲ್ಲದೆಯೂ ಆಗುತ್ತದೆ. ಕುಂಚಗಳನ್ನು ಬಾಚಣಿಗೆಗೆ ಕೊಟ್ಟಿಲ್ಲ.

ನಾನು ಬರೆದ ನಿಯಮವನ್ನು ಮ್ಯೂರಿಯಲ್ ಕೈಯಲ್ಲಿ ಗಟ್ಟಿಯಾಗಿ ಓದಿಸಿ ಕೇಳಿದೆ. ಆಡುವವನ ಕೈಯಲ್ಲಿರುವ ಸೈನಿಕರ ಬಗ್ಗೆ ಮಾತ್ರ ಅದರಲ್ಲಿದೆ. ಎದುರಾಳಿಯ ಸೆರೆಯಲ್ಲಿ ಇರುವವರಿಗೆ ಎದುರಾಳಿ ಏನು ಮಾಡಬಹುದು, ಏನು ಮಾಡಬಾರದು ಅಂತ ನಾನು ಒಂದಕ್ಷರವನ್ನೂ ಬರೆದಿಲ್ಲ. ಡಡ್ಲಿಗೂ ಇದನ್ನು ಹೇಳಿದೆ, ಅವನ ಮನೆಗೇ ಹೋಗಿ ಹೇಳಿದೆ. "ಹಾಗಾದ್ರೆ ನನ್ನ ಹೆಂಡತೀನ ಎದುರು ಪಕ್ಷಕ್ಕೆ ಸೇರಿಸ್ಬೇಕಿತ್ತು" ಅಂದ ಆ ಮಹಾಶಯ. ಇಬ್ಬರೂ ನಕ್ಕೆವು. ಅವನ ಹೆಂಡತಿ ನನಗೆ ಚಹಾ ಕೊಟ್ಟಳು, ಕೈಗೇ ತಂದುಕೊಟ್ಟಳು.

ಆದ್ದರಿಂದ ಇವರೆಲ್ಲ ನಿನ್ನ ಒತ್ತೆಯಾಳುಗಳು. ಬರುವ ಜೂನ್‌ಗೆ ಬಿಡುಗಡೆ ಮಾಡಿ ಕರೆದುಕೊಂಡು ಬಾ. ನೀನು ಸರಿಸುವುದನ್ನು ಬಾಯಿಬಿಟ್ಟು ಹೇಳು, ನಾನು ಕೇಳಿಸಿಕೊಂಡು ಆಡುತ್ತೇನೆ. ಸುಳ್ಳು ಹೇಳಿದರೆ ಮ್ಯೂರಿಯಲ್ ಪಕ್ಕದಲ್ಲೇ ಇರುತ್ತಾಳೆ.

ಕಣ್ಣು ಮಾತ್ರ ಒಂದೇ ಕಡೆಗೆ ಬರೆಯಬೇಡ. ಕೆಲವರು ಎಡಕ್ಕೆ ನೋಡಲಿ, ಕೆಲವರು ಬಲಕ್ಕೆ, ಕೆಲವರು ಹಿಂದಕ್ಕೆ. ಚೌಕ ಕಟ್ಟಿ ನಿಂತವರು ನೋಡುವ ಹಾಗೆ. ಬಾವುಟ ಹಿಡಿದ ಹುಡುಗನನ್ನು ನೆಟ್ಟಗೆ ಎದುರಿಗೆ, ನಿನ್ನ ಕುದುರೆ ಬರುವ ದಾರಿಗೇ ನೋಡಿಸು.

ನನಗೆ ಕಾಣದಿದ್ದರೆ ಹೋಗಲಿ. ಅವರಿಗೆ ಕಾಣಲಿ.

ನಾರಿಸ್